ಹಲ್ಲುನೋವಿನ ತೀರ್ಪು

ಎಲ್ಲದಕ್ಕೂ ಕಾರಣ ಒಂದು ಕಡಲೆಕಾಯಿ ಬೀಜ.

ಹುರಿದು ಉಪ್ಪು ಸವರಿದ್ದ ಬೀಜ. ಭಾನುವಾರ ಸಂಜೆ ಪ್ಲಮ್‌ಕ್ರೀಕ್ ಊರಿನ ಬೇಸ್‌ಬಾಲ್ ಮೈದಾನದಲ್ಲಿ, ಪಂದ್ಯದ ಕೊನೆಯ ಸರದಿಯಲ್ಲಿ, ಲೊವೆಲ್ ಟ್ರಾಸ್ಕ್ ಅದನ್ನು ಎಡದವಡೆಯ ಹಲ್ಲಿನ ಮೇಲಿಟ್ಟು ಕಚ್ಚಿದ. ಹಲ್ಲಿನಿಂದ ಹೊರಟ ನೋವು ಕಿವಿಯ ಹಾದಿಯಾಗಿ ನೆತ್ತಿಗೇರಿ, ಅಲ್ಲಿ ಜಾಗ ಸಾಲದೆ ವಾಪಸು ಬಂತು. ಅವನು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ. ತೆರೆಯುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ಬೇರೆ ಯಾರಾದರೂ ಕಣ್ಣು ಮುಚ್ಚಿದ್ದರೆ ಲೋಕಕ್ಕೇನೂ ನಷ್ಟವಿರಲಿಲ್ಲ. ಆದರೆ ಲೊವೆಲ್ ಆ ಮೈದಾನದ ಅಧಿಕೃತ ಸ್ಕೋರರ್. ಚೆಂಡು ಹೊಡೆದವನು ಓಡಿಹೋಗಿ ಬೇಸ್ ಮುಟ್ಟಿದರೆ, ಅದು ಹೊಡೆತದ ಬಲವೋ ಇಲ್ಲ ಫೀಲ್ಡರನ ಎಡವಟ್ಟೋ ಎಂದು ತೀರ್ಪು ಕೊಡಬೇಕಾದವನು ಅವನೊಬ್ಬನೇ. ಬಲವಾದರೆ ‘ಹಿಟ್’ ಎಂದು ಹೊಡೆದವನ ಲೆಕ್ಕಕ್ಕೆ, ಎಡವಟ್ಟಾದರೆ ‘ತಪ್ಪು’ ಎಂದು ಫೀಲ್ಡರನ ಲೆಕ್ಕಕ್ಕೆ. ವಾರವಿಡೀ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತ, ಮನೆಯಲ್ಲಿ ಯಾವ ಮಾತಿಗೂ ಕಿಮ್ಮತ್ತಿಲ್ಲದೆ ಬದುಕುತ್ತಿದ್ದ ಲೊವೆಲ್‌ಗೆ, ಊರು ಕಿವಿಗೊಡುತ್ತಿದ್ದ ಜಾಗವೆಂದರೆ ಮೈದಾನದ ಮೇಲ್ಗಡೆಯ ಆ ಪುಟ್ಟ ಕೋಣೆಯ ಕುರ್ಚಿ ಮಾತ್ರ. ಆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದ ಎಂದು ಗೊತ್ತಾದರೆ ಕುರ್ಚಿ ಹೋದಂತೆಯೇ.

ಕಣ್ಣು ತೆರೆದಾಗ ಕಂಡದ್ದಿಷ್ಟು. ಹೊಡೆದವನು, ಪಕ್ಕದ ಬಾರ್ಕರ್ಸ್‌ಟನ್ ತಂಡದ ಕ್ಲಿಮೆಕ್ ಎಂಬ ಹುಡುಗ, ಮೊದಲನೇ ಬೇಸಿನ ಮೇಲೆ ನಿಂತಿದ್ದ. ಕೆಟ್ಟ ಎಸೆತಗಳಿಂದಾಗಿ ಪುಕ್ಕಟೆ ಬೇಸ್ ಸಿಕ್ಕು ಮೊದಲೇ ಅಲ್ಲಿದ್ದವನು ಎರಡನೇ ಬೇಸ್‌ಗೆ ದಾಟಿದ್ದ. ಪ್ಲಮ್‌ಕ್ರೀಕ್‌ನ ಫೀಲ್ಡರ್ ಗ್ಯಾರೆಟ್ ತಲೆ ತಗ್ಗಿಸಿ ನಿಂತಿದ್ದ.

“ಏನಪ್ಪಾ ಲೊವೆಲ್, ಹಿಟ್ ಅನ್ನಲಾ, ತಪ್ಪು ಅನ್ನಲಾ?” ಎಂದು ಪಕ್ಕದಲ್ಲಿದ್ದ ಧ್ವನಿವರ್ಧಕದವನು ಕೇಳಿದ.

ತಲೆ ತಗ್ಗಿಸಿದವನೇ ತಪ್ಪಿತಸ್ಥ ಎಂಬುದು ಲೋಕನ್ಯಾಯ. “ತಪ್ಪು,” ಎಂದ ಲೊವೆಲ್, ದವಡೆ ಹಿಡಿದುಕೊಂಡು.

ಮೈದಾನ ಕುಣಿಯಿತು. ಯಾಕೆಂದರೆ ಪ್ಲಮ್‌ಕ್ರೀಕ್‌ನ ಪಿಚರ್, ಅಂದರೆ ಚೆಂಡೆಸೆಯುವ ಟಕರ್, ಅಂದು ಒಂದೇ ಒಂದು ಹಿಟ್ ಅನ್ನೂ ಬಿಟ್ಟುಕೊಟ್ಟಿರಲಿಲ್ಲ. ಊರು ಹುಟ್ಟಿದಾಗಿನಿಂದ ಅಂಥ ಪಂದ್ಯ ಯಾರೂ ಆಡಿರಲಿಲ್ಲ. ಮುಂದಿನವನು ಔಟಾಗಿ ಪಂದ್ಯ ಮುಗಿದಾಗ ಟಕರನನ್ನು ಹೆಗಲ ಮೇಲೆ ಹೊತ್ತರು. ಇತ್ತ ಗ್ಯಾರೆಟ್ ಆ ಬೇಸಿಗೆಯಿಡೀ ಒಂದೂ ತಪ್ಪು ಮಾಡಿರಲಿಲ್ಲ. ಇನ್ನೊಂದು ಪಂದ್ಯ ಹಾಗೇ ಆಡಿದ್ದರೆ ಲೀಗಿನ ದಾಖಲೆ ಅವನದಾಗುತ್ತಿತ್ತು. ಅವನನ್ನು ಯಾರೂ ಹೊರಲಿಲ್ಲ. ದುರದೃಷ್ಟಕ್ಕೆ ಅವನು ಲೊವೆಲ್‌ನ ಹೆಂಡತಿಯ ಅಕ್ಕನ ಮಗ.

ಪಂದ್ಯ ಮುಗಿಯಿತು ಎಂದರೆ ಮುಗಿಯಿತು ಎಂದುಕೊಳ್ಳುವವರಿಗೆ ಬೇಸ್‌ಬಾಲ್ ಗೊತ್ತಿಲ್ಲ. ಮರುದಿನ ಸಂಜೆ ಆರರವರೆಗೆ ಸ್ಕೋರರ್ ತನ್ನ ತೀರ್ಪನ್ನು ಬದಲಿಸಬಹುದು. ಆ ಗಡುವಿನೊಳಗೆ ವೀರ ಸೋಮಾರಿಯಾಗಬಹುದು, ಸೋಮಾರಿ ವೀರನಾಗಬಹುದು. ಹಾಗಾಗಿ ಸೋಮವಾರ ಬೆಳಗಾಗುವುದನ್ನೇ ಊರು ಕಾಯುತ್ತಿತ್ತು.

ಮೊದಲು ಎದ್ದವಳು ಹೆಂಡತಿ ಮಾರ್ಲಿಸ್. ತಿಂಡಿಗೆ ಗರಿಗರಿಯಾದ ಬೇಕನ್, ಗಟ್ಟಿಯಾಗಿ ಸುಟ್ಟ ಬ್ರೆಡ್ಡು, ಜೊತೆಗೊಂದು ಇಡೀ ಸೇಬು ತಂದಿಟ್ಟಳು.

“ಹಲ್ಲು ನೋಯ್ತಿದೆ ಮಾರ್ಲಿಸ್. ಒಂಚೂರು ಆಲೂಗಡ್ಡೆ ಹಿಸುಕಿ ಕೊಡ್ತೀಯಾ?”

“ಕೊಡ್ತೀನಿ. ಗ್ಯಾರೆಟ್ ಹೆಸರಿಂದ ಆ ತಪ್ಪು ತೆಗೆದುಬಿಡು, ಬೆಣ್ಣೆ ಹಾಕಿ ಹಿಸುಕಿ ಕೊಡ್ತೀನಿ. ನಮ್ಮಕ್ಕ ರಾತ್ರಿಯೆಲ್ಲ ಅತ್ತಿದಾಳೆ, ಗೊತ್ತಾ? ಅದು ಶುದ್ಧ ಹಿಟ್. ಚೆಂಡು ಅವನ ಹೆಗಲ ಮೇಲಿಂದ ಹಾರಿಹೋಯ್ತು. ನೀನು ನೋಡಲಿಲ್ವಾ?”

“ನೋಡದೇ ಏನು!” ಎಂದ ಲೊವೆಲ್. ಸೇಬಿನ ಕಡೆ ಒಮ್ಮೆ ನೋಡಿ, ಹಸಿದುಕೊಂಡೇ ಹೊರಬಿದ್ದ.

ನೇರ ಹೋದದ್ದು ಡಾಕ್ಟರ್ ಹಾಲ್ವರ್ಸನ್ ಅವರ ಹಲ್ಲಿನ ಆಸ್ಪತ್ರೆಗೆ. ಊರಿಗೆ ಇದ್ದ ಹಲ್ಲಿನ ಡಾಕ್ಟರು ಅವರೊಬ್ಬರೇ. ಪಿಚರ್ ಟಕರ್ ಅವರ ಮಗ. ಹಿಂದಿನ ಸಂಜೆ ಮಗನನ್ನು ಹೊತ್ತ ಹೆಗಲುಗಳಲ್ಲಿ ಒಂದು ಅವರದೇ ಆಗಿದ್ದರಿಂದ ಕುತ್ತಿಗೆ ಸ್ವಲ್ಪ ವಾಲಿತ್ತು.

“ಬಾ ಬಾ, ಧರ್ಮರಾಯ!” ಎಂದು ಅವರು ಲೊವೆಲ್‌ನನ್ನು ಕುರ್ಚಿಯಲ್ಲಿ ಒರಗಿಸಿ, ಬಾಯಿಗೆ ಹತ್ತಿ ತುರುಕಿ, ದೀಪ ಹಚ್ಚಿದರು. “ಎಂಥಾ ತೀರ್ಪು ಕೊಟ್ಟೆ! ಚೆಂಡು ಆ ಹುಡುಗನ ಎರಡು ಕಾಲಿನ ನಡುವೆ ಹೋಯ್ತು. ನನ್ನಜ್ಜಿ ಕೂಡ ಹಿಡೀತಿದ್ಳು.”

ಲೊವೆಲ್‌ಗೆ ಕುತೂಹಲ ಕೆರಳಿತು. ಹೆಗಲ ಮೇಲೆ ಹಾರಿದ ಚೆಂಡೇ ಕಾಲಿನ ನಡುವೆ ಹೋಗುವುದು ಹೇಗೆ? ಹತ್ತಿ ಪಕ್ಕಕ್ಕೆ ಸರಿಸಿ ಕೇಳಿದ. “ನೀವು ಸರಿಯಾಗಿ ನೋಡಿದ್ರಾ ಡಾಕ್ಟ್ರೇ? ಮಾರ್ಲಿಸ್ ಬೇರೆ ಥರ ಹೇಳ್ತಾಳೆ.”

“ನೋಡೋದೇನು, ಹೆಂಡತಿ ಫೋನಲ್ಲಿ ಹಿಡಿದಿಟ್ಟಿದಾಳೆ,” ಎಂದು ಡಾಕ್ಟರು ಫೋನು ತೆಗೆದು ತೋರಿಸಿದರು. ಮೊದಲು ಟಕರ್ ಕಂಡ. ಆಮೇಲೆ ಬ್ಯಾಟಿನ ಸದ್ದು. ಕೂಡಲೇ ಆಕಾಶ, ಯಾರದೋ ಟೋಪಿ, ಮತ್ತೆ ಆಕಾಶ, ಡಾಕ್ಟರ ಹೆಂಡತಿಯ ಚೀರಾಟ.

“ಇದರಲ್ಲಿ ಚೆಂಡು ಎಲ್ಲಿದೆ?”

ಡಾಕ್ಟರ ಮುಖ ಬದಲಾಯಿತು. “ಯಾಕೆ ಕೇಳ್ತಿದೀಯ? ತೀರ್ಪು ಬದಲಿಸೋ ಯೋಚನೆ ಏನಾದ್ರೂ ಇದೆಯಾ?”

“ಸುಮ್ನೆ ಒಂದ್ಸಲ ಯೋಚನೆ ಮಾಡೋಣ ಅಂತ…”

ಡಾಕ್ಟರು ಇಕ್ಕಳ ಕೆಳಗಿಟ್ಟರು. ದೀಪ ಆರಿಸಿದರು. “ಮಾಡಪ್ಪ, ಧಾರಾಳವಾಗಿ ಮಾಡು. ಯೋಚನೆ ಮುಗಿದ ಮೇಲೆ ಬಾ. ಹಲ್ಲು ಎಲ್ಲೂ ಓಡಿಹೋಗಲ್ಲ.”

ಅತ್ತ ದರಿ, ಇತ್ತ ಪುಲಿ. ತಪ್ಪು ಎಂದೇ ಉಳಿಸಿಕೊಂಡರೆ ಹಲ್ಲು ಸರಿಹೋಗುತ್ತದೆ, ತಿನ್ನಲು ಮನೆಯಲ್ಲಿ ಏನೂ ಸಿಗುವುದಿಲ್ಲ. ಹಿಟ್ ಎಂದು ಬದಲಿಸಿದರೆ ಊಟ ಸಿಗುತ್ತದೆ, ತಿನ್ನಲು ಹಲ್ಲಿರುವುದಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಒಬ್ಬನೇ ಮನುಷ್ಯನಿಗೆ ಎರಡು ಕಡೆಯಿಂದಲೂ ಅನ್ವಯಿಸಿದ್ದು ಬಹುಶಃ ಇದೇ ಮೊದಲು.

ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಗಿರಾಕಿಗಳು ಕಾಯುತ್ತಿದ್ದರು. ಮೊಳೆ ಬೇಕಾದವರು ಯಾರೂ ಇರಲಿಲ್ಲ. ನಿಜವಾಗಿ ಏನಾಯಿತು ಎಂದು ತಿಳಿಯುವ ಆಸೆ ಲೊವೆಲ್‌ನನ್ನು ಹಲ್ಲಿಗಿಂತ ಹೆಚ್ಚು ಕಾಡತೊಡಗಿತ್ತು. ನೇರವಾಗಿ ಕೇಳಿದರೆ ಗುಟ್ಟು ರಟ್ಟು. ಅದಕ್ಕೆ ಪರೀಕ್ಷೆ ಮಾಡುವ ಮೇಷ್ಟರ ಧಾಟಿಯಲ್ಲಿ, “ನೀವು ಏನು ನೋಡಿದ್ರಿ, ಮೊದಲು ಅದನ್ನ ಹೇಳಿ,” ಎಂದು ಕೇಳುತ್ತ ಹೋದ.

“ಕೈಗವಸಿಗೆ ಬಡಿದು ಕೆಳಗೆ ಬಿತ್ತು,” ಎಂದಳು ಬೇಕರಿಯ ವಿಲ್ಮಾ.

“ಕಲ್ಲಿಗೆ ತಾಗಿ ಎಡಕ್ಕೆ ತಿರುಗ್ತು ಕಣೋ. ದೇವರೇ ಬಂದ್ರೂ ಹಿಡಿಯೋಕಾಗಲ್ಲ,” ಎಂದ ಟ್ರ್ಯಾಕ್ಟರ್ ರಿಪೇರಿಯ ಡ್ವೇನ್.

“ಎಡಕ್ಕಾ? ನಿನ್ನ ಕಣ್ಣಿಗೆ ಗ್ರೀಸ್ ಮೆತ್ಕೊಂಡಿತ್ತೇನೋ. ಬಲಕ್ಕೆ!” ಎಂದಳು ವಿಲ್ಮಾ.

“ನೀನು ಆವಾಗ ಹಾಟ್‌ಡಾಗ್ ತಗೊಳ್ಳೋ ಸಾಲಲ್ಲಿ ನಿಂತಿದ್ದೆ, ಬೆನ್ನು ತಿರುಗಿಸ್ಕೊಂಡು!”

“ನಿಂತಿದ್ರೆ ನಿಂತಿದ್ದೆ! ಜನ ಕೂಗಿದ್ದು ಕೇಳಿಸಲಿಲ್ವಾ? ಆ ಕೂಗಿನಲ್ಲೇ ಗೊತ್ತಾಗುತ್ತೆ.”

ಕೊನೆಗೆ ಬಂದವನು ಅಂಪೈರ್ ರಾಯ್ಸ್, ನಲ್ಲಿಯ ವಾಷರ್ ಕೊಳ್ಳಲು. ಲೊವೆಲ್ ಆಸೆಯಿಂದ ಅವನ ಕಡೆ ತಿರುಗಿದ.

“ನಾನು ಕಾಲು ನೋಡ್ತಿದ್ದೆ ಮಾರಾಯ, ಬೇಸ್ ಮುಟ್ಟೋ ಕಾಲು. ಚೆಂಡು ನೋಡೋದು ನಿನ್ನ ಕೆಲಸ,” ಎಂದ ರಾಯ್ಸ್. “ಅದಿರಲಿ, ನೀನು ಏನು ನೋಡ್ದೆ?”

ಎಲ್ಲರ ಕಣ್ಣೂ ಲೊವೆಲ್‌ನ ಮೇಲೆ. “ಅದನ್ನ ಆರು ಗಂಟೆಯೊಳಗೆ ಹೇಳ್ತೀನಿ,” ಎಂದು ಅವನು ಗಂಭೀರವಾಗಿ ವಾಷರ್ ಹುಡುಕಲು ಒಳಗೆ ಹೋದ. ಹೋಗಿ ಬಣ್ಣದ ಡಬ್ಬಗಳ ಹಿಂದೆ ಬೆವರೊರೆಸಿಕೊಂಡ.

ಅಲ್ಲಿ, ಹಿಂಬಾಗಿಲ ಮೆಟ್ಟಿಲ ಮೇಲೆ, ಗ್ಯಾರೆಟ್ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

“ಲೊವೆಲ್ ಅಂಕಲ್, ನಾನು ಜಗಳಕ್ಕೆ ಬಂದಿಲ್ಲ. ತಪ್ಪು ನಂದೇ. ಚೆಂಡು ಕೈಗೆ ಬಂದಿತ್ತು. ಎರಡನೇ ಬೇಸ್‌ಗೆ ಓಡೋನನ್ನ ಔಟ್ ಮಾಡೋಣ ಅಂತ ಆ ಕಡೆ ತಿರುಗಿದೆ. ತಡ ಆಗಿತ್ತು. ಈ ಕಡೆ ತಿರುಗೋಷ್ಟರಲ್ಲಿ ಇವನೂ ಮುಟ್ಟಿಬಿಟ್ಟ. ಮೊದಲೇ ಈ ಕಡೆ ಎಸೆದಿದ್ರೆ ಆಗ್ತಿತ್ತು.”

ಲೊವೆಲ್ ಹುಡುಗನ ಎರಡೂ ಭುಜ ಹಿಡಿದುಕೊಂಡ. “ಇನ್ನೊಂದ್ಸಲ ಹೇಳು!”

ಬೇಸ್‌ಬಾಲಿನ ನಿಯಮಗಳಲ್ಲಿ ಹಿಟ್ ಕೂಡ ಅಲ್ಲದ, ತಪ್ಪೂ ಅಲ್ಲದ ಮೂರನೆಯದೊಂದು ಇದೆ. ಹೊಡೆದವನನ್ನು ಸುಲಭವಾಗಿ ಔಟ್ ಮಾಡಬಹುದಾಗಿದ್ದ ಫೀಲ್ಡರ್ ಅವನನ್ನು ಬಿಟ್ಟು ಮುಂದಿನ ಓಟಗಾರನ ಬೆನ್ನು ಹತ್ತಿದರೆ, ಅದು ‘ಫೀಲ್ಡರನ ಆಯ್ಕೆ’. ಪಿಚರನ ಲೆಕ್ಕಕ್ಕೆ ಹಿಟ್ ಬರುವುದಿಲ್ಲ, ಫೀಲ್ಡರನ ಲೆಕ್ಕಕ್ಕೆ ತಪ್ಪೂ ಬರುವುದಿಲ್ಲ. ಟಕರನ ಕೀರ್ತಿ ಉಳಿಯಿತು, ಗ್ಯಾರೆಟ್‌ನ ದಾಖಲೆಯೂ ಉಳಿಯಿತು! ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಏನೂ ಸಿಗದೆ ಹೋದವನು ಹೊಡೆದ ಕ್ಲಿಮೆಕ್ ಒಬ್ಬನೇ. ಅವನೋ ಪರ ಊರಿನವನು. ಲೊವೆಲ್ ಅಲ್ಲೇ ಫೋನು ತೆಗೆದು ಲೀಗಿನ ಕಚೇರಿಗೆ ಹೊಸ ತೀರ್ಪು ಕಳಿಸಿದ.

ಮಧ್ಯಾಹ್ನಕ್ಕೆಲ್ಲ ಸುದ್ದಿ ಹರಡಿತು. ಡ್ವೇನ್ ಮತ್ತು ವಿಲ್ಮಾ ಇಬ್ಬರೂ ಬಂದು, “ನಾನು ಮೊದಲಿಂದ ಇದನ್ನೇ ಹೇಳ್ತಿದ್ದೆ,” ಎಂದರು. ಮಾರ್ಲಿಸ್ ಫೋನ್ ಮಾಡಿ ಆಲೂಗಡ್ಡೆ ಬೇಯುತ್ತಿದೆ ಎಂದಳು. ಲೊವೆಲ್ ದವಡೆ ಹಿಡಿದುಕೊಂಡು ಗೆದ್ದವನಂತೆ ಡಾಕ್ಟರ್ ಹಾಲ್ವರ್ಸನ್ ಅವರಲ್ಲಿಗೆ ನಡೆದ.

ಬಾಗಿಲಿಗೆ ಬೀಗ. ಬೀಗದ ಮೇಲೊಂದು ಚೀಟಿ: ಕೀರ್ತಿ ಉಳಿದ ಸಂತೋಷಕ್ಕೆ ಮಗನ ಜೊತೆ ಮೀನು ಹಿಡಿಯಲು ಹೊರಟಿದ್ದೇನೆ, ಗುರುವಾರ ಬರುತ್ತೇನೆ, ತುರ್ತಿದ್ದವರು ಬಾರ್ಕರ್ಸ್‌ಟನ್ನಿನ ಡಾಕ್ಟರ್ ಜೊಯಾನ್ ವೆಸ್ಲಿ ಅವರನ್ನು ಕಾಣಿರಿ.

ಹಲ್ಲು ಗುರುವಾರದವರೆಗೆ ಕಾಯುವ ಲಕ್ಷಣವಿರಲಿಲ್ಲ. ಲೊವೆಲ್ ಜೋಳದ ಹೊಲಗಳ ನಡುವೆ ಗಾಡಿ ಓಡಿಸಿಕೊಂಡು ಬಾರ್ಕರ್ಸ್‌ಟನ್ ಮುಟ್ಟಿದಾಗ ಐದು ದಾಟಿತ್ತು. ಡಾಕ್ಟರ್ ಜೊಯಾನ್ ಮೆಲುಮಾತಿನ, ಬೆಚ್ಚನೆ ಕೈಯ ಹೆಂಗಸು. ಸೂಜಿ ಚುಚ್ಚಿದ್ದೂ ಗೊತ್ತಾಗಲಿಲ್ಲ, ಹಲ್ಲು ಕಿತ್ತದ್ದೂ ಗೊತ್ತಾಗಲಿಲ್ಲ. ನೋವು ಮಾಯವಾಗಿ ಲೊವೆಲ್‌ನ ಕಣ್ಣಲ್ಲಿ ನೀರೇ ಬಂತು. ಆ ನೀರಿನ ಮೂಲಕ ಅವನು ಗೋಡೆಯ ಮೇಲಿನ ಚಿತ್ರ ನೋಡಿದ. ಬ್ಯಾಟು ಹಿಡಿದ ಹುಡುಗ. ಅಂಗಿಯ ಮೇಲೆ ಕ್ಲಿಮೆಕ್ ಎಂದಿತ್ತು.

“ನನ್ನ ಮಗ,” ಎಂದರು ಡಾಕ್ಟರು. “ಅವರಪ್ಪನ ಹೆಸರು ಇಟ್ಕೊಂಡಿದಾನೆ. ಈ ಬೇಸಿಗೆ ಪ್ರತಿ ಪಂದ್ಯದಲ್ಲೂ ಒಂದಾದ್ರೂ ಹಿಟ್ ಹೊಡೆದಿದ್ದ. ನಿನ್ನೆವರೆಗೆ.”

ಮರಗಟ್ಟಿದ ಬಾಯಲ್ಲೂ ಲೊವೆಲ್‌ನ ಕುತೂಹಲ ಸುಮ್ಮನಿರಲಿಲ್ಲ. “ನೀವು ಅಲ್ಲಿದ್ರಾ? ಆ ಚೆಂಡು… ನೋಡಿದ್ರಾ?”

“ಇಲ್ಲ. ಅದೇ ನನಗಿರೋ ಬೇಜಾರು. ಮಗ ಹೊಡೆದಾಗ ನಾನು ಮೇಲೆ ಕೋಣೆ ಕಡೆ ನೋಡ್ತಿದ್ದೆ. ಏನು ಮಾಡೋದು, ಹಾಳು ಅಭ್ಯಾಸ, ಎಲ್ಲಿ ಹೋದ್ರೂ ಜನರ ಬಾಯೇ ಕಣ್ಣಿಗೆ ಬೀಳುತ್ತೆ. ನೀವು ಏನೋ ಕಚ್ಚಿದ್ರಿ, ದವಡೆ ಹಿಡ್ಕೊಂಡ್ರಿ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ರಿ. ಪಾಪ, ಎಡಗಡೆ ಕೆಳಗಿನ ಹಲ್ಲು ಅಂತ ಆಗಲೇ ಅಂದ್ಕೊಂಡೆ.”

ಲೊವೆಲ್ ಏಳಲು ಹೋದ. ಡಾಕ್ಟರು ಮೃದುವಾಗಿ ಹೆಗಲು ಅದುಮಿ ಕೂರಿಸಿದರು.

“ಹೆದರಬೇಡಿ, ನಾನು ಯಾರಿಗೂ ಹೇಳಿಲ್ಲ. ಹೇಳೋ ಮನಸ್ಸೂ ಇಲ್ಲ, ಸದ್ಯಕ್ಕೆ.” ಅವರು ಬಾಯೊಳಗೆ ಕನ್ನಡಿ ತೂರಿಸಿ ಇಣುಕಿದರು. “ಅಯ್ಯೋ, ಬಲಗಡೆದೂ ಕೊಳೆತಿದೆಯಲ್ಲ. ಇನ್ನೊಂದು ವಾರದಲ್ಲಿ ಅದೂ ಶುರುವಾಗುತ್ತೆ. ಇಲ್ಲಿಗೇ ಬರ್ತೀರಾ? ಇಲ್ಲ, ನಿಮ್ಮ ಡಾಕ್ಟರ್ ಹಾಲ್ವರ್ಸನ್ ಹತ್ರಾನೇ ಕೀಳಿಸ್ಕೋತೀರಾ?”

ಲೊವೆಲ್ ಕಣ್ಣು ಮೇಲೆತ್ತಿದ. ಗೋಡೆಯ ಗಡಿಯಾರದಲ್ಲಿ ಗಡುವಿನ ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಡಾಕ್ಟರು ಮೇಜಿನ ಮೇಲಿದ್ದ ಅವನ ಫೋನು ತಂದು ಅವನ ಅಂಗೈಯಲ್ಲಿಟ್ಟು, ಕೈತೊಳೆಯಲು ಒಳಗೆ ಹೋದರು.

ಅವನು ಫೋನನ್ನು ನೋಡಿದ, ಗೋಡೆಯ ಹುಡುಗನನ್ನು ನೋಡಿದ. ನಾಲಿಗೆ ತನ್ನಷ್ಟಕ್ಕೆ ತಾನೇ ಹೋಗಿ ಬಲಗಡೆಯ ಹಲ್ಲನ್ನು ಮುಟ್ಟಿತು. ಅದು ಆಗಲೇ ಜುಮ್ಮೆನ್ನುತ್ತಿತ್ತು.