ಹಸಿರು ಕರ್ರಿ, ಹೂಕೋಸಿನ ಅನ್ನ ಮತ್ತು ನನ್ನ ಶುಗರ್

ಊರಿಗೆಲ್ಲ ಬುದ್ಧಿ ಹೇಳುವವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಹೊರಗೆ ಹೇಳಿಕೊಳ್ಳುವವರು ಕಡಿಮೆ, ಅಷ್ಟೇ. ನಾನು ಪರ್ತ್‌ನಲ್ಲಿ ಡಾಕ್ಟರು. ಬೆಳಗಿನಿಂದ ಸಂಜೆವರೆಗೆ ಶುಗರ್ ಇರುವವರಿಗೆ "ಅನ್ನ ಬಿಡಿ, ಬ್ರೆಡ್ ಬಿಡಿ" ಎನ್ನುವುದೇ ನನ್ನ ಹೊಟ್ಟೆಪಾಡು. ಹೀಗಿರುವಾಗ ನನಗೇ ಶುಗರ್ ಏರಿತು. ನನ್ನನ್ನು ನೋಡುವ ಡಾಕ್ಟರಮ್ಮ ಒಂದು ಕಾಲಕ್ಕೆ ನನ್ನ ಕೈಕೆಳಗೆ ಕಲಿತವಳು. ನಾನೇ ಕಲಿಸಿದ ಧಾಟಿಯಲ್ಲಿ ನನಗೇ ಹೇಳಿದಳು: ಮೂರು ತಿಂಗಳು ಟೈಮು, ಇಳಿಯದಿದ್ದರೆ ದಿನಾ ಇಂಜೆಕ್ಷನ್.

ಬೇರೆಯವರಿಗೆ ಇಂಜೆಕ್ಷನ್ ಬರೆದುಕೊಡುವಾಗ ನಾನು ಒಂದು ದಿನವೂ ಎರಡು ಸಲ ಯೋಚಿಸಿಲ್ಲ. ನನಗೇ ಚುಚ್ಚುತ್ತಾರೆ ಅಂದರೆ ಮಾತ್ರ ಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ಈ ವಿಷಯ ಇಷ್ಟು ವರ್ಷ ಹೆಂಡತಿಗೆ ಮಾತ್ರ ಗೊತ್ತಿತ್ತು.

ಪರ್ತ್: ಚೂರೇ ಚೂರು

ಇಂಟರ್ನೆಟ್ಟಿನಲ್ಲಿ ಹುಡುಕಿ ಲೋ-ಕಾರ್ಬ್ ಥಾಯ್ ಗ್ರೀನ್ ಚಿಕನ್ ಕರ್ರಿ ಹಿಡಿದೆ. ಹಸಿಮೆಣಸಿನಕಾಯಿಯ ಪೇಸ್ಟು, ತೆಂಗಿನ ಹಾಲು, ಕೋಳಿ, ಬೀನ್ಸು. ಆಲೂಗಡ್ಡೆ ಇಲ್ಲ, ಸಕ್ಕರೆ ಇಲ್ಲ, ಅನ್ನದ ಜಾಗದಲ್ಲಿ ತುರಿದು ಬಾಡಿಸಿದ ಹೂಕೋಸು. ಅಕ್ಕಿ ಚೀಲವನ್ನು ಗ್ಯಾರೇಜಿಗೆ ಗಡಿಪಾರು ಮಾಡಿದೆ. ಮೊಸರನ್ನಕ್ಕೆಂದು ಒಂದು ಡಬ್ಬ ಮಾತ್ರ ಒಳಗೆ ಉಳಿಯಿತು, ಅದೇನೂ ಲೆಕ್ಕಕ್ಕಿಲ್ಲ ಬಿಡಿ.

ಕರ್ರಿ ಕುದಿಸಿ ಇಳಿಸಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಥಾಯ್‌ಲ್ಯಾಂಡಿನ ಮೇಲೆ ಸಾಸಿವೆ, ಕರಿಬೇವು ತೇಲುತ್ತಿದ್ದವು.

"ಏನೇ ಇದು?" ಎಂದು ಹೆಂಡತಿಯನ್ನು ಕೇಳಿದೆ.

"ಒಗ್ಗರಣೆ. ಹಾಗೇ ಬಿಟ್ಟು ಹೋಗಿದ್ರಿ, ಮರೆತಿರಬೇಕು ಅಂತ ಹಾಕ್ದೆ."

ಒಂದು ಚಮಚ ಬಾಯಿಗಿಟ್ಟೆ. ಪಾಯಸದ ಸಂಬಂಧಿಕರ ಹಾಗಿತ್ತು.

"ಸಕ್ಕರೆ ಹಾಕಿದ್ಯಾ?"

"ಛೆ! ನಿಮಗೆ ಶುಗರ್ ಇರೋವಾಗ ಸಕ್ಕರೆ ಹಾಕ್ತೀನಾ? ಖಾರ ಸರಿಹೋಗ್ಲಿ ಅಂತ ಚೂರೇ ಚೂರು ಬೆಲ್ಲ."

ಚೂರು ಎಂದು ಬೆರಳು ಮಡಚಿ ತೋರಿಸಿದ ಅಳತೆಗೆ ಒಂದು ನಿಂಬೆಹಣ್ಣು ಆರಾಮಾಗಿ ಕೂರುತ್ತಿತ್ತು.

ಬ್ರಿಸ್ಬೇನ್: ಅನ್ನ ಬರಲಿ

ಅದಾದ ಮೇಲೆ ರಜಕ್ಕೆ ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯಲ್ಲಿರುವ ಭಾಮೈದನ ಮನೆಗೆ ಹೋದೆವು. ಹಠ ಹಿಡಿದು ಹತ್ತು ಜನಕ್ಕೆ ನಾನೇ ಕರ್ರಿ ಮಾಡಿದೆ. ಈ ಸಲ ಒಲೆಯ ಪಕ್ಕದಿಂದ ಅಲ್ಲಾಡಲಿಲ್ಲ. ಎಲ್ಲರಿಗೂ ನಾನೇ ತಟ್ಟೆಗೆ ಹೂಕೋಸು ಬಡಿಸಿ, ಪಕ್ಕದಲ್ಲಿ ಬಟ್ಟಲಿನಲ್ಲಿ ಕರ್ರಿ ಇಟ್ಟೆ. ಒಬ್ಬರೂ ತಿನ್ನುತ್ತಿಲ್ಲ. ಎಲ್ಲರೂ ಹೂಕೋಸನ್ನು ತಟ್ಟೆಯ ಅಂಚಿಗೆ ಸರಿಸಿ, ನಡುವೆ ಜಾಗ ಮಾಡಿಕೊಂಡು ಕೂತಿದ್ದಾರೆ.

"ತಗೊಳ್ಳಿ, ಆರಿಹೋಗುತ್ತೆ" ಎಂದೆ.

ಪಕ್ಕದ ಮನೆಯ ಅಂಕಲ್, ಮೈಸೂರಿನವರು, ಬಹಳ ಮರ್ಯಾದಸ್ಥರು, ಸಮಾಧಾನ ಹೇಳಿದರು. "ಪರವಾಗಿಲ್ಲ ಡಾಕ್ಟ್ರೇ, ನಿಧಾನಕ್ಕೆ ಅನ್ನ ಬರಲಿ."

"ಅಂಕಲ್, ಇದೇ ಅನ್ನ."

ಅವರು ತಟ್ಟೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೆಟ್ಟ ರಿಪೋರ್ಟ್ ಹೇಳುವಾಗ ನಾನು ಪೇಷೆಂಟನ್ನು ನೋಡುವ ನೋಟವೇ ಅದು. "ಇದು ಪಲ್ಯ, ಡಾಕ್ಟ್ರೇ. ಉಪ್ಪು ಸ್ವಲ್ಪ ಕಡಿಮೆ ಇದೆ."

ಭಾಮೈದನ ಹೆಂಡತಿ ಸದ್ದಿಲ್ಲದೆ ಹೋಗಿ ರೈಸ್ ಕುಕ್ಕರ್ ಒತ್ತಿದಳು. ಅಂಕಲ್ ಮೂರು ಸಲ ಅನ್ನ ಹಾಕಿಸಿಕೊಂಡು ಕರ್ರಿ ಸುರಿದುಕೊಂಡರು. ಹೊರಡುವಾಗ ನನ್ನ ಕೈ ಹಿಡಿದು, "ನನಗೂ ಶುಗರ್ ಇದೆ ಕಣ್ರೀ. ಈ ಲೋ-ಕಾರ್ಬ್ ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರಲಿಲ್ಲ" ಎಂದು ಹರಸಿದರು.

ಅಡಿಲೇಡ್: ಊಟ ಮುಗಿಸುವುದು

ಕೊನೆಯ ಎರಡು ವಾರಕ್ಕೆ ಡಾಕ್ಟರಮ್ಮ ನನ್ನ ತೋಳಿಗೊಂದು ಸೆನ್ಸರ್ ಅಂಟಿಸಿದಳು. ಶುಗರ್ ಎಷ್ಟಿದೆ ಎಂದು ಅದು ನನ್ನ ಫೋನಿಗೂ ಹೆಂಡತಿಯ ಫೋನಿಗೂ ಚಾಡಿ ಹೇಳುತ್ತದೆ. ಬೆಲ್ಲ ನಿಂತು ಎರಡು ತಿಂಗಳಾಗಿತ್ತು. ಆದರೂ ದಿನಾ ಊಟವಾದ ಮೇಲೆ ಫೋನಿನಲ್ಲಿ ಶುಗರಿನ ಗೆರೆ ಚಾಮುಂಡಿ ಬೆಟ್ಟ ಹತ್ತುತ್ತಿತ್ತು. ನಾನು ಬಿಡುತ್ತೇನೆಯೇ? ತಪ್ಪೆಲ್ಲ ತೆಂಗಿನ ಹಾಲಿನದು ಎಂದು ಡಾಕ್ಟರಮ್ಮನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಪಾಪ, ಬರೆದುಕೊಂಡಳು.

ಸೋಮವಾರ ರಕ್ತ ಪರೀಕ್ಷೆ. ಶನಿವಾರ ಅಡಿಲೇಡ್‌ನಲ್ಲಿ ಓದುತ್ತಿರುವ ಮಗಳ ಮನೆಯಲ್ಲಿದ್ದೆ. ಮಧ್ಯಾಹ್ನಕ್ಕೆ ಕರ್ರಿ ನಾನೇ ಮಾಡಿದೆ. ತೆಂಗಿನ ಹಾಲು ಅರ್ಧಕ್ಕರ್ಧ ಕಡಿಮೆ, ಬೆಲ್ಲದ ಸುಳಿವಿಲ್ಲ, ಹೂಕೋಸಿಗೆ ಉಪ್ಪು ಸರಿಯಾಗಿದೆ. ತಿಂದು ಅರ್ಧ ಗಂಟೆ ಹರಟೆ ಹೊಡೆದೆವು. ಗೆರೆ ನೆಟ್ಟಗೆ ಮಲಗಿತ್ತು. ಇಂಜೆಕ್ಷನ್ ತಪ್ಪಿತು ಎಂದು ಜೀವ ಹಗುರಾಯಿತು. ಎದ್ದು ಎಂದಿನಂತೆ ಬಟ್ಟಲು ತುಂಬ ಮೊಸರನ್ನ ಕಲಸಿಕೊಂಡು ಬಂದೆ.

ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್. "ಡ್ಯಾಡ್, ವಾಟ್ಸ್ ದಟ್?"

"ಮೊಸರನ್ನ ಕಣೇ. ಊಟ ಮುಗಿಸ್ಬೇಡ್ವಾ?"

"ಎವ್ರಿ ಡೇ?"

"ದಿನಾ ಊಟ ಮಾಡ್ತೀನಲ್ಲ, ದಿನಾ ಮುಗಿಸ್ಬೇಕಲ್ಲ."

"ಡ್ಯಾಡ್. ದಟ್ಸ್ ರೈಸ್."

ನಿಜವಾಗಿ ಹೇಳುತ್ತೇನೆ, ಅದರಲ್ಲಿ ಅನ್ನ ಇದೆ ಎಂದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಪೇಷೆಂಟುಗಳಿಂದ ಅನ್ನ ಬಿಡಿಸಿದ ತಜ್ಞ ನಾನು. ಮೂರು ತಿಂಗಳು, ದಿನಕ್ಕೆ ಎರಡು ಬಟ್ಟಲು. ಬಟ್ಟಲು ಆಗಲೇ ಬರಿದಾಗಿತ್ತು. ನಾಚಿಕೆಯಾಯಿತು, ಸೂಜಿ ಕಣ್ಣ ಮುಂದೆ ಬಂತು. ಸ್ವಲ್ಪ ಹೊತ್ತಿಗೆ ತೋಳಿನ ಸೆನ್ಸರ್ ತನ್ನ ಕೆಲಸ ಮಾಡಿತು. ಫೋನು ಕಿರುಚಿತು, ಅದರ ಹಿಂದೆಯೇ ಪರ್ತ್‌ನಿಂದ ಹೆಂಡತಿಯ ಕರೆ. ಮಗಳು ಸ್ಪೀಕರ್‌ಗೆ ಹಾಕಿದಳು.

"ರೀ, ಶುಗರ್ ಏರ್ತಾ ಇದೆ! ಮತ್ತೆ ಆ ಹಾಳು ಕರ್ರಿ ತಿಂದ್ರಾ? ಸೋಮವಾರ ಟೆಸ್ಟ್ ಇದೆ ಅಂತ ನೆನಪಿಲ್ವಾ? ನೋಡಿ, ನನ್ನ ಮಾತು ಕೇಳಿ. ಇವತ್ತೂ ನಾಳೆಯೂ ಬೇರೆ ಏನೂ ಮುಟ್ಟಬೇಡಿ. ಬರೀ ಮೊಸರನ್ನ ತಿಂದುಕೊಂಡು ಬನ್ನಿ."