ಪೆದ್ದಕಡುಬೂರಿನಲ್ಲೇ ಮುಗಿದ ಬಾಲಿ ಪ್ರವಾಸ

"ಏಜೆಂಟ್ ಬ್ಯಾಡ, ಡ್ರೈವರ್ ಬ್ಯಾಡ, ಗೈಡ್ ಅಂತೂ ಬ್ಯಾಡೇ ಬ್ಯಾಡ! ಇಡೀ ಬಾಲಿ ದ್ವೀಪಕ್ಕ ನಾಕು ದಿನದಾಗ ಒಂದು ಸುತ್ತು ಹಾಕ್ತೀನಿ. ಸ್ಟೇರಿಂಗ್ ಮ್ಯಾಲೆ ನನ್ನ ಕೈ ಬಿಟ್ರ ಇನ್ನೊಬ್ಬರ ಕೈ ಬೀಳಬಾರದು!"

ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ದಲ್ಲಾಳಿ ಗುರುಪಾದಯ್ಯನವರು ಹೀಗೆ ಗುಡುಗಿದಾಗ ಹತ್ತಿ ರಾಶಿಯ ಮೇಲೆ ಮಲಗಿದ್ದ ನಾಯಿ ಕೂಡ ಎದ್ದು ಕೂತಿತು.

ಕಾರಣ ದೊಡ್ಡದೇ ಇತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಹೆಂಡತಿ ಅಂಬಮ್ಮ ಇಷ್ಟು ವರ್ಷದಲ್ಲಿ ಬಾಯಿ ಬಿಟ್ಟು ಕೇಳಿದ್ದು ಒಂದೇ ಒಂದು. ಮಗಳು ಭುವನಾಳ ಫೋನಿನಲ್ಲಿ ಬೆಂಕಿಗುಡ್ಡವೂ ಸಮುದ್ರವೂ ಒಂದೇ ಕಡೆ ಇರುವ ಊರನ್ನು ಕಂಡು, "ಇಂಥದ್ದೊಂದು ಸಲ ನೋಡಬೇಕು ನೋಡ್ರಿ" ಅಂದಿದ್ದಳು. ಅಷ್ಟು ಸಾಕಾಯಿತು. ಗುರುಪಾದಯ್ಯನವರ ಅಂಗಡಿಯ ಗೋಡೆಗೆ ಬಾಲಿಯ ನಕ್ಷೆ ಬಂತು. ಹತ್ತಿಯ ಧಾರಣೆ ಕೇಳಲು ಬಂದವರಿಗೆಲ್ಲ ದ್ವೀಪದ ಪಾಠವಾಯಿತು.

"ನಡುವ ಬೆಂಕಿಗುಡ್ಡ, ಸುತ್ತ ಸಮುದ್ರ. ಗುಡ್ಡ ಎಡಕ್ಕಿರಬೇಕು, ನೀರು ಬಲಕ್ಕಿರಬೇಕು. ಇದರಾಗ ದಾರಿ ತಪ್ಪೋದು ಎಲ್ಲಿಂದ ಬಂತು?"

ಈ ಮಹಾಯೋಜನೆಯಲ್ಲಿ ಒಂದೇ ಒಂದು ಸಣ್ಣ ಕೊರತೆಯಿತ್ತು. ಹತ್ತು ವರ್ಷದಿಂದ ಅವರ ಕಾರನ್ನು ಓಡಿಸುತ್ತಿದ್ದವನು ಡ್ರೈವರ್ ಆಂಜನೇಯ. ಸಾಹುಕಾರರು ಭಾನುವಾರ ಮನೆಯಿಂದ ಮಠದವರೆಗೆ ಮಾತ್ರ ಅದನ್ನು ಓಡಿಸಿಕೊಂಡು ಹೋಗುತ್ತಿದ್ದರು. ಅದೂ ಮಠ ನೇರ ರಸ್ತೆಯಲ್ಲಿದ್ದುದರಿಂದ.

"ರೀ, ಆಂಜನೇಯನ್ನ ಬಿಟ್ಟು ಎಮ್ಮಿಗನೂರಿಗಾದ್ರೂ ಒಂದ್ ಸಲ ಹೋಗೀರೇನು?" ಅಂಬಮ್ಮ ಮೆಲ್ಲಗೆ ಕೇಳಿದಳು.

ಈ ಪ್ರಶ್ನೆ ಸಾಹುಕಾರರಿಗೆ ಬಾಣದಂತೆ ನಾಟಿತು. "ಆತು, ರಿಹರ್ಸಲ್ ಮಾಡೇ ಬಿಡೂನು! ಬರೋ ಭಾನುವಾರ ಪೆದ್ದಕಡುಬೂರು, ಎಮ್ಮಿಗನೂರು, ಗೋನೆಗಂಡ್ಲ, ದೇವನಕೊಂಡ ಸುತ್ತಿ ಸಂಜಿಗೆ ವಾಪಸ್ ಮನಿ. ಗೋನೆಗಂಡ್ಲದ ಗುಡ್ಡಾನ ಬೆಂಕಿಗುಡ್ಡ ಅಂತ ತಿಳ್ಕೋ!"

"ಮತ್ತ ಸಮುದ್ರ?"

"ಅದನ್ನ ಮನಸಿನ್ಯಾಗ ಇಟ್ಕೋ!"

ಶನಿವಾರ ಮಳೆ ಬಿತ್ತು. ಭಾನುವಾರ ಮುಂಜಾನೆ ಗುರುಪಾದಯ್ಯನವರು ಬೆಳ್ಳನೆ ಅಂಗಿ, ಬೆಳ್ಳನೆ ಪ್ಯಾಂಟು, ಕಪ್ಪು ಕನ್ನಡಕ ಧರಿಸಿ ಸ್ಟೇರಿಂಗ್ ಹಿಡಿದರು. ಪಕ್ಕದಲ್ಲಿ ಅಂಬಮ್ಮ, ತೊಡೆಯ ಮೇಲೆ ರೊಟ್ಟಿಯ ಗಂಟು. ಪೆದ್ದಕಡುಬೂರು ಇನ್ನೂ ಎರಡು ಮೈಲಿ ಇದೆ ಎನ್ನುವಾಗ ಫೋನಿನೊಳಗಿನ ಹೆಣ್ಣುಮಗಳು ಎಡಕ್ಕೆ ತಿರುಗಲು ಹೇಳಿದಳು. ಎಡಕ್ಕೆ ಬಂಡಿಜಾಡು ಬಿಟ್ಟರೆ ಬೇರೇನೂ ಇರಲಿಲ್ಲ.

"ರೀ, ಆ ದಿಬ್ಬದ ಮ್ಯಾಲೆ ಕುರಿ ಕಾಯಾಂವ ನಿಂತಾನ. ಒಂದು ಮಾತು ಕೇಳೂನು."

"ಬಾಲಿಯೊಳಗ ನಿನಗ ಕುರಿ ಕಾಯೋರು ಸಿಗ್ತಾರೇನು ಕೇಳಾಕ? ಫೋನ್ ಹೇಳ್ತದ, ನಾ ಓಡಿಸ್ತೀನಿ!"

ಫೋನು ಹೇಳಿತು, ಅವರು ಓಡಿಸಿದರು. ಮಳೆ ಕುಡಿದು ನಾದಿದ ಹಿಟ್ಟಿನಂತಾಗಿದ್ದ ಎರೆಮಣ್ಣು ಕಾರನ್ನು ಪ್ರೀತಿಯಿಂದ ಬರಮಾಡಿಕೊಂಡಿತು. ಗುರುಪಾದಯ್ಯನವರು ಆಕ್ಸಿಲರೇಟರ್ ಒತ್ತಿದರು. ಚಕ್ರ ತಿರುಗಿತು, ಕಾರು ಇಳಿಯಿತು. ಇನ್ನೂ ಒತ್ತಿದರು, ಇನ್ನೂ ಇಳಿಯಿತು. ಕೊನೆಗೆ ತಾವೇ ಇಳಿದು ಚಕ್ರ ನೋಡಲು ಹೋದವರು ಮೊಣಕಾಲವರೆಗೆ ಹೂತುಕೊಂಡರು. ಅಂಬಮ್ಮ ಸೀರೆ ಎತ್ತಿ ಹಿಡಿದು ಇಳಿದು ಬಂದು ಬದುವಿನ ಮೇಲೆ ನಿಂತಳು.

"ಭುವನಾ ಹೇಳ್ತಿದ್ಲು, ಬಾಲಿಯೊಳಗೂ ಮಣ್ಣು ಹಿಂಗ ಕರ್ರಗ ಇರ್ತದಂತ. ಲಗೂನ ಮುಟ್ಟಿದ್ವಿ ಬಿಡ್ರಿ!"

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಜೀಪು ನಿಂತಿತು. ಯಾವುದೋ ಗೃಹಪ್ರವೇಶಕ್ಕೆ ಹೊರಟಿದ್ದ ಯಾರ್ಡಿನ ನಾಲ್ಕು ಜನ ವ್ಯಾಪಾರಿಗಳು ಅದರಿಂದ ಇಳಿದರು. ಮುಂದೆ ಚನ್ನಬಸಯ್ಯ, ಗುರುಪಾದಯ್ಯನವರ ಪಕ್ಕದಂಗಡಿಯವನು, ಅವರ ದ್ವೀಪದ ಪಾಠವನ್ನು ಅತಿ ಹೆಚ್ಚು ಸಲ ಕೇಳಿ ಬೆಂದವನು.

"ಏನ್ ಸಾವ್ಕಾರ್ರ, ಬಾಲಿ ಬಂತೇನು?"

ಎಲ್ಲರೂ ಗೊಳ್ಳೆಂದರು. ಗುರುಪಾದಯ್ಯನವರ ಕಿವಿ ಕೆಂಪಾಯಿತು. ಆಗ ಅವರ ನಾಲಿಗೆ ಯಜಮಾನನನ್ನು ಕೇಳದೆ ತಾನೇ ಹೊರಟುಬಿಟ್ಟಿತು.

"ನಾನಲ್ಲಪ್ಪಾ! ಈಕಿ! ಬಾಲಿಗೆ ಹೋಗೋಕಿಂತ ಮೊದಲು ಸ್ವಲ್ಪ ಕಲಿಸೂನು ಅಂತ ಕೈಗೆ ಕೊಟ್ಟೆ. ನೋಡ್ರಿ ಎಲ್ಲಿಗೆ ತಂದಿಟ್ಲು!"

"ಅದಾ ಸಂಗತಿ! ಹೆಂಗಸರ ಕೈಯಾಗ ಸ್ಟೇರಿಂಗ್ ಕೊಟ್ರ ಮತ್ತೇನಾಕ್ಕೈತಿ?" ಚನ್ನಬಸಯ್ಯ ಈಗ ಅಂಬಮ್ಮನ ಕಡೆ ತಿರುಗಿ ನಕ್ಕ. ಉಳಿದವರೂ ನಕ್ಕರು. ಒಬ್ಬ ಫೋನು ತೆಗೆದು ಫೋಟೋ ಹೊಡೆದ.

ಅಂಬಮ್ಮ ಗಂಡನ ಮುಖ ನೋಡಿದಳು. ಒಂದೇ ಸಲ. ಗುರುಪಾದಯ್ಯನವರು ತಮ್ಮ ಬೂಟನ್ನು ನೋಡಿಕೊಂಡರು. ಬೂಟು ಕಾಣುತ್ತಿರಲಿಲ್ಲ, ಆದರೂ ನೋಡಿದರು.

"ಹೌದ್ರಿ ಅಣ್ಣಾರ, ನಾನೇ," ಅಂದಳು ಅಂಬಮ್ಮ. "ಸಿಗಿಸಿದಾಕಿ ನಾನು ಅಂದಮ್ಯಾಲೆ ತೆಗಿಯಾಕಿನೂ ನಾನೇ. ರೀ, ಚಾವಿ ಕೊಡ್ರಿ."

"ಏ, ನಿನಗೆಲ್ಲಿ..."

"ನೀವೇ ಕಲಿಸೀರಲ್ರೀ? ಕೊಡ್ರಿ!"

ದಿಬ್ಬದಿಂದ ಇಳಿದು ಬಂದಿದ್ದ ಕುರಿ ಕಾಯುವ ಕೆಂಚಣ್ಣನಿಗೆ ಹೇಳಿ ಹತ್ತಿಕಟ್ಟಿಗೆ ತರಿಸಿ ಚಕ್ರದ ಕೆಳಗೆ ಹಾಸಿಸಿದಳು. ಸೀಟನ್ನು ಮುಂದಕ್ಕೆಳೆದು ಕೂತಳು. ಕನ್ನಡಿ ಸರಿ ಮಾಡಿಕೊಂಡಳು. "ಎಲ್ಲಾರೂ ಮುಂದಿನಿಂದ ದೂಕ್ರಿ, ರಿವರ್ಸ್ ತಗೀತೀನಿ. ನಾ ಹೇಳಿದಾಗ!"

ಗೃಹಪ್ರವೇಶದ ಬಟ್ಟೆ ಕೆಡುತ್ತದೆಂದು ವ್ಯಾಪಾರಿಗಳು ಬದು ಬಿಟ್ಟು ಇಳಿಯಲಿಲ್ಲ. ದೂಕಲು ಉಳಿದವರು ಇಬ್ಬರೇ, ಗುರುಪಾದಯ್ಯ ಮತ್ತು ಕೆಂಚಣ್ಣ. ಚಕ್ರ ಎರಚಿದ ಕೆಸರೆಲ್ಲ ಬೆಳ್ಳನೆ ಅಂಗಿಯನ್ನೇ ಹುಡುಕಿಕೊಂಡು ಬಂತು. ದೂಕುತ್ತ ದೂಕುತ್ತ ಕೆಂಚಣ್ಣ ಕಿವಿಯ ಹತ್ತಿರ ಬಾಯಿ ತಂದ.

"ಸಾವ್ಕಾರ್ರ, ನಾ ಆ ದಿಬ್ಬದ ಮ್ಯಾಲೆ ನಿಂತಿದ್ನಿರಿ."

"ಹೂಂ. ಏನೀಗ?"

"ಎಲ್ಲಾ ಕಾಣ್ತಿತ್ರಿ."

ಗುರುಪಾದಯ್ಯನವರಿಗೆ ಆ ಎರೆಭೂಮಿ ಬಾಯಿ ಬಿಟ್ಟು ತಮ್ಮನ್ನು ಇನ್ನಷ್ಟು ನುಂಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅದೇ ಹೊತ್ತಿಗೆ ಕಾರು ಒಮ್ಮೆ ನರಳಿ, ಹತ್ತಿಕಟ್ಟಿಗೆಯ ಮೇಲೇರಿ, ಹಸುವಿನಂತೆ ಮೆಲ್ಲಗೆ ಹಿಂದಕ್ಕೆ ಸರಿದು ರಸ್ತೆಗೆ ಬಂದು ನಿಂತಿತು. ಅವರು ಮಾತ್ರ ಮುಗ್ಗರಿಸಿ ಕೆಸರಿನಲ್ಲಿ ಬೋರಲಾಗಿ ಬಿದ್ದರು!

ಆದೋನಿಯವರೆಗೂ ಅಂಬಮ್ಮನೇ ಓಡಿಸಿದಳು. ಪಕ್ಕದ ಸೀಟಿನ ಮೇಲೆ ಗೋಣಿಚೀಲ ಹಾಸಿ ಗುರುಪಾದಯ್ಯನವರನ್ನು ಕೂರಿಸಲಾಗಿತ್ತು. ಅವರು ಕಪ್ಪು ಕನ್ನಡಕದ ಕೆಸರು ಒರೆಸಿಕೊಳ್ಳುತ್ತ ಕೇಳಿದರು.

"ಯಾವಾಗ ಕಲ್ತಿ?"

"ಮೂರು ತಿಂಗಳಾತ್ರಿ. ನಿಮ್ಮನ್ನ ಯಾರ್ಡಿಗೆ ಬಿಟ್ಟು ಆಂಜನೇಯ ಕಾರು ಮನಿಗೆ ತಂದಮ್ಯಾಲೆ ಭುವನಾ ಕಲಿಸ್ತಿದ್ಲು. ಲೈಸೆನ್ಸೂ ಬಂದೈತಿ."

"ನನಗ್ಯಾಕ ಹೇಳಲಿಲ್ಲ?"

"ಅಷ್ಟು ದೊಡ್ಡ ದ್ವೀಪ ಒಬ್ಬರೇ ಸುತ್ತಬೇಕಂದ್ರ ನಿಮಗ ದಣಿವಾಗ್ತದ. ಅಲ್ಲಿ ಹೋದಮ್ಯಾಲೆ, 'ಈಗ ನೀವು ಕುಂದರ್ರಿ, ನಾ ಓಡಿಸ್ತೀನಿ' ಅನ್ನಬೇಕಂತ ಮಾಡಿದ್ದೆ. ನಿಮಗ ಖುಷಿ ಆಕ್ಕೈತಿ ಅಂತ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗುರುಪಾದಯ್ಯನವರು ಕಿಟಕಿಯ ಕಡೆ ತಿರುಗಿದರು.

ಮನೆ ಮುಟ್ಟುವಷ್ಟರಲ್ಲಿ ಫೋಟೋ ಯಾರ್ಡಿನ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. "ಅಂಬಮ್ಮನೋರ ಡ್ರೈವಿಂಗ್!" ಎಂದು ಕೆಳಗೆ ಬರೆದಿತ್ತು, ಅದರ ಕೆಳಗೆ ಅರವತ್ತು ನಗುಮುಖಗಳು. ಒಂದೊಂದು ನಗುಮುಖವೂ ತಮ್ಮ ಕಪಾಳಕ್ಕೇ ಬಿದ್ದಂತಾಗಿ ಅವರು ನಿರ್ಧಾರ ಮಾಡಿದರು.

ಸೋಮವಾರ ಮುಂಜಾನೆ, ಯಾರ್ಡು ತುಂಬಿದ್ದಾಗ, ಹತ್ತಿ ತೂಗುವ ಕಾಟಾದ ಕಟ್ಟೆ ಹತ್ತಿ ನಿಂತರು.

"ಎಲ್ಲಾರೂ ಕೇಳ್ರಿ! ನಿನ್ನೆ ಕಾರು ಓಡಿಸಿದ್ದು ನಮ್ಮನಿಯಾಕಿ ಅಲ್ಲ. ನಾನು! ಸಿಗಿಸಿದ್ದೂ ನಾನು, ಸುಳ್ಳು ಹೇಳಿದ್ದೂ ನಾನು. ಹೊರಗ ತೆಗೆದಾಕಿ ಆಕಿ!"

ಮಾನ ಹೋಯಿತೆಂದು ಗುರುಪಾದಯ್ಯನವರು ಕಣ್ಣು ಮುಚ್ಚಿದರು.

"ಅಬ್ಬಾ, ಏಮಿ ಮನಿಷಿ!" ಎಂಥಾ ಮನುಷ್ಯ ಎಂದು ಹಿಂದಿನಿಂದ ಒಂದು ತೆಲುಗು ದನಿ ಬೆರಗಾಯಿತು.

ಚನ್ನಬಸಯ್ಯನ ಕಣ್ಣಲ್ಲಿ ನೀರು! "ನೋಡ್ರಪ್ಪಾ, ಗಂಡ ಅಂದ್ರ ಹಿಂಗಿರಬೇಕು! ಹೆಂಡತಿ ಮಾನ ಉಳಿಸಾಕ ತಪ್ಪೆಲ್ಲಾ ತನ್ನ ತಲಿಮ್ಯಾಲೆ ಹಾಕ್ಕೊಂಡಾನ. ನೀಲಕಂಠ ವಿಷ ನುಂಗಿದಂಗ!"

"ಅಲ್ರೋ, ಖರೇನ ನಾನೇ..."

"ಸಾಕು ಸಾಕು, ದೊಡ್ಡ ಮನಸು ನಿಮ್ಮದು!"

"ದೇವರಾಣೆ ನಾನೇ ಓಡಿಸಿದ್ದು!"

"ದೇವರ ಮ್ಯಾಲೆ ಆಣೆ ಸೈತ ಮಾಡ್ತಾನಲ್ಲಪ್ಪೋ ಹೆಂಡತಿಗೋಸ್ಕರ!"

ಅವರು ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಯಾರೋ ಓಡಿಹೋಗಿ ಶಾಲು ತಂದರು. ಹೊದಿಸಿಯೇ ಬಿಟ್ಟರು!

ಮನೆಗೆ ಬಂದಾಗ ಅಂಬಮ್ಮ ಬಾಗಿಲಲ್ಲೇ ನಿಂತಿದ್ದಳು. "ಇದೇನ್ರಿ ಶಾಲು?"

ಗುರುಪಾದಯ್ಯನವರು ತಲೆ ತಗ್ಗಿಸಿಕೊಂಡೇ ನಡೆದದ್ದನ್ನೆಲ್ಲ ಹೇಳಿದರು. "ತಪ್ಪಾತು ನಂದು. ಎಲ್ಲಾರ ಮುಂದ ಖರೇ ಹೇಳಿದೆ. ಒಬ್ಬನರ ನಂಬಬೇಕಲ್ಲ!"

ಅಂಬಮ್ಮ ಅವರ ಹೆಗಲಿನಿಂದ ಶಾಲು ತೆಗೆದು ಮಡಚಿದಳು.

"ಹೆಂಗ ನಂಬ್ತಾರ್ರಿ? ಇಷ್ಟು ವರ್ಷದಾಗ ನಿಮ್ಮ ಬಾಯಿಂದ ಬಂದ ಮೊದಲ್ನೇ ಖರೇ ಮಾತದು. ಅವರಿಗೆ ಗುರ್ತು ಹತ್ತಿರಲಿಕ್ಕಿಲ್ಲ!"