ಒಳಮಾತಿನ ಪೆಟ್ಟಿಗೆ

"ಇಂದೂ, ಬೇಗ ಬಾ! ಇಲ್ಲಿ ನಿಂತು ಏನಾದರೂ ಒಂದು ಮಾತಾಡು!" ಎಂದು ನಮ್ಮ ಮನೆಯವರು ಹಜಾರದಿಂದ ಕೂಗಿದರು.

ತಿಂಗಳುಗಟ್ಟಲೆ ನನ್ನ ಯಾವ ಮಾತಿಗೂ ಕಿವಿಗೊಡದವರು ಈಗ ಕರೆದು ಮಾತಾಡು ಎಂದರೆ ಏನು ಮಾತಾಡಲಿ? ಸಾರಿನ ಉರಿ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಬಂದೆ. ಮೇಜಿನ ಮೇಲೆ ಹಳೆಯ ರೇಡಿಯೊದಂಥ ಒಂದು ಪೆಟ್ಟಿಗೆ. ಅದರ ನೆತ್ತಿಯ ಮೇಲೆ ನಮ್ಮ ಮನೆಯ ಇಡ್ಲಿ ತಟ್ಟೆ!

"ತಟ್ಟೆ ಇಲ್ಲಿದೆಯೇನ್ರೀ? ನಿನ್ನೆಯಿಂದ ಹುಡುಕ್ತಿದ್ದೀನಿ!"

"ಈಗ ಅದು ತಟ್ಟೆ ಅಲ್ಲ ಕಣೇ, ಯಂತ್ರದ ಕಿವಿ. ಯಾಕೆ, ಕೋಪ ಬಂತಾ?"

"ಏನಿಲ್ಲ ಬಿಡಿ."

ಪೆಟ್ಟಿಗೆ ಗುರ್ ಎಂದಿತು. ಆಮೇಲೆ, ರೈಲು ತಡವಾಗಿ ಬರುತ್ತದೆ ಎಂದು ನಿಲ್ದಾಣದಲ್ಲಿ ಸಾರುತ್ತಾರಲ್ಲ, ಅಂಥದೇ ಹೆಣ್ಣುದನಿಯಲ್ಲಿ ನುಡಿಯಿತು: "ಬೇಕಾದಷ್ಟಿದೆ. ಮದುವೆಯಾದಾಗಿನಿಂದ ಕೂಡಿಟ್ಟಿದ್ದೇನೆ. ಎಲ್ಲಿಂದ ಶುರು ಮಾಡಲಿ?"

ನಾನು ಕುರ್ಚಿಯಲ್ಲಿ ಕುಸಿದೆ. ಅವರು ಚಪ್ಪಾಳೆ ತಟ್ಟಿ ಕುಣಿದರು! ಅದು ಹೇಳಿದ್ದೇನು ಎಂದು ಅವರು ಯೋಚಿಸಲೇ ಇಲ್ಲ. ಹೇಳಿತಲ್ಲ, ಅದೇ ಅವರಿಗೆ ಹಬ್ಬ. ಹೆಂಗಸರ ಒಂದು 'ಏನಿಲ್ಲ'ದೊಳಗೆ ಎಷ್ಟು ತುಂಬಿರುತ್ತದೆ ಎಂದು ತಿಳಿಯಲು ಇಡ್ಲಿ ತಟ್ಟೆಯೇ ಬೇಕಾಯಿತೇ ಎಂದುಕೊಂಡೆ.

"ದನಿಯ ನಡುಕ, ಉಸಿರಿನ ಉದ್ದ, ಎಲ್ಲಾ ಅಳೆದು ಮಾತಿನ ಒಳಗಿನ ಮಾತನ್ನ ಹೊರಗೆಳೆಯುತ್ತೆ! ನಮ್ಮೂರ ಜೈಲಿನಲ್ಲಿ ಇನ್ನು ಯಾವ ಕೈದಿಯೂ ಗುಟ್ಟಾಗಿ ಸುದ್ದಿ ಕಳಿಸೋ ಹಾಗಿಲ್ಲ. ನಾಳೆಯೇ ಪರೀಕ್ಷೆ!"

ಜೈಲು ಎಂದೊಡನೆ ನಾನು ಕುರ್ಚಿಯಿಂದ ಎದ್ದು ನಿಂತೆ. ಆ ಬಿಗಿಭದ್ರತೆಯ ಮಹಿಳಾ ಜೈಲಿಗೆ ಗುರುವಾರಗಳಂದು ಹೊಲಿಗೆ ಕಲಿಸಲು ಹೋಗುವವಳು ನಾನು. ಹೊಂಬಾಳಮ್ಮ, ಮಾದೇವಿ ಎಂಬ ಅತ್ತೆ ಸೊಸೆ ಅಲ್ಲಿದ್ದರು. ಬದುವಿನ ಜಗಳದಲ್ಲಿ ಯಾರೋ ದೊಡ್ಡವರ ಮಗನ ತಲೆಯನ್ನು ಇಬ್ಬರೂ ಸೇರಿ ಒನಕೆಯಿಂದ ಒಡೆದಿದ್ದರು. ಒಂದೇ ಕೇಸಿನವರು ಅನ್ಯೋನ್ಯವಾಗಿದ್ದರೆ ಒಬ್ಬರನ್ನು ದೂರದ ಜೈಲಿಗೆ ಕಳಿಸುವುದು ಅಲ್ಲಿನ ಪದ್ಧತಿ. ಇವರು ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದುದರಿಂದ ಅಕ್ಕಪಕ್ಕದ ಕೋಣೆಗಳಲ್ಲೇ ಉಳಿದಿದ್ದರು. ಆದರೆ ಮಾದೇವಿ ಅತ್ತೆಯನ್ನು ಶಪಿಸುತ್ತಲೇ ಅವಳ ನೋಯುವ ತೋಳಿಗಾಗಿ ರವಿಕೆ ಸಡಿಲ ಮಾಡಿ ಹೊಲಿದದ್ದನ್ನು ನಾನು ಕಂಡಿದ್ದೆ.

ಮರುದಿನ ಮಧ್ಯಾಹ್ನ ನಾನೂ ಜೊತೆಗೆ ಹೋದೆ. ನಮ್ಮ ಮನೆಯವರು ಜೈಲಿನ ಧ್ವನಿವರ್ಧಕಗಳಿಗೆಲ್ಲ ತಂತಿ ಜೋಡಿಸಿದರು. ಹೆಡ್ ವಾರ್ಡರ್ ಪ್ರಮೀಳಾ ಲೋಟ ಹಿಡಿದು ಬಂದಳು.

"ತಗೊಳ್ಳಿ ಸಾರ್, ನಮ್ಮ ಜೈಲಿನ ಕಾಫಿ ಫಸ್ಟ್ ಕ್ಲಾಸು!"

"ಕುಡಿದರೆ ನಿಮ್ಮ ಹಣೆಬರಹ!" ಎಂದಿತು ಪೆಟ್ಟಿಗೆ.

ಇವರು ಒಂದು ಗುಟುಕು ಹೀರಿ, "ಚೆನ್ನಾಗಿದೆ" ಎಂದರು.

"ಇದು ಕಾಫಿಯೋ, ನೆಲ ಒರೆಸಿದ ನೀರೋ?" ಎಂದಿತು.

ಸೂಪರಿಂಟೆಂಡೆಂಟ್ ಗಿರಿಜಾಂಬ ಮೇಡಂ ನಗುವವರಲ್ಲ. "ತಮಾಷೆ ಸಾಕು. ಆ ಅತ್ತೆ ಸೊಸೆಯರ ಗೋಡೆಗೆ ಹಚ್ಚಿ" ಎಂದರು.

ಪೆಟ್ಟಿಗೆಯ ಕಿವಿಯನ್ನು ಆ ಗೋಡೆಯತ್ತ ತಿರುಗಿಸಿ, ಕೋಣೆಗಳ ಸಾಲಿನ ತುದಿಯ ಮೇಜಿನ ಬಳಿ ಕಾದೆವು. ಸಂಜೆಯ ಊಟ ಮುಗಿಯಿತು. ಎಂದಿನಂತೆ ಹೊಂಬಾಳಮ್ಮ ಗೋಡೆ ಗುದ್ದಿದಳು.

"ಏ ಮನೆಹಾಳಿ! ಮುದ್ದೆ ಗಂಟ್ಲಿಗೆ ಸಿಕ್ಕಾಕ್ಕೊಂಡು ಸತ್ಯಾ, ಇನ್ನೂ ಇದ್ದೀಯಾ?"

ಧ್ವನಿವರ್ಧಕಗಳು ನುಡಿದವು: "ಮಗಳೇ, ಊಟ ಮಾಡಿದೆಯಾ? ಮುದ್ದೆ ಸರಿಯಾಗಿ ಬೆಂದಿರಲಿಲ್ಲ. ನಿನಗೆ ಹೊಟ್ಟೆನೋವು ಬಂತೇನೋ ಎಂದು ಭಯವಾಯಿತು."

ಮಾದೇವಿಗೆ ಅದು ಅರ್ಥವಾಗುವ ಮೊದಲೇ ಅಭ್ಯಾಸದ ಮಾತು ಬಾಯಿಂದ ಜಾರಿತ್ತು. "ನಿನ್ ತಿಥಿ ವಡೆ ತಿನ್ನೋಗಂಟ ನಾನೆಲ್ಲಿ ಸಾಯ್ತೀನಿ ಮುದ್ಕಿ! ನಿನ್ ಕಾಲು ಸೇದೋಗ!"

"ಅತ್ತೆಮ್ಮಾ, ನೀನು ನೂರು ಕಾಲ ಬಾಳಬೇಕು. ಮಂಡಿಗೆ ಎಣ್ಣೆ ಹಚ್ಚಿಕೊಂಡೆಯಾ?"

"ಓಹೋ!" ಎಂದರು ಮೇಡಂ. "ಇಷ್ಟು ದಿನ ನಮ್ಮ ಕಣ್ಣಿಗೆ ಮಣ್ಣೆರಚಿದ್ರಾ? ಸೊಸೆಯನ್ನ ನಾಳೆ ಬೇರೆ ಜೈಲಿಗೆ ಸಾಗಿಸಿ!"

ಹೊಂಬಾಳಮ್ಮ ಸರಳು ಹಿಡಿದು ಕಿರುಚಿದಳು. "ಕಳಸ್ರವ್ವಾ, ಈಗ್ಲೇ ಕಳಸ್ರಿ! ಆ ದರಿದ್ರದೋಳ ಮಕ ಕಂಡ್ರೆ ನಂಗಾಗಕಿಲ್ಲ!"

ಪೆಟ್ಟಿಗೆಯ ದನಿ ಮೆತ್ತಗಾಯಿತು. "ಬೇಡ ತಾಯಿ. ಅವಳ ದನಿ ಕೇಳದೆ ನನಗೆ ನಿದ್ದೆ ಬರುವುದಿಲ್ಲ."

ಪಾಪ, ತಪ್ಪಿಸಿಕೊಳ್ಳಲು ಆಡಿದ ಮಾತೇ ಅವಳನ್ನು ಹಿಡಿದುಕೊಟ್ಟಿತ್ತು. ನಾನು ನಮ್ಮ ಮನೆಯವರ ತೋಳು ಹಿಂಡಿದೆ. "ಆರಿಸ್ರೀ ಅದನ್ನ!"

"ಆರ್ತಾ ಇಲ್ಲ ಕಣೇ! ಅಪಾಯದ ಗಂಟೆಯ ಬ್ಯಾಟರಿಗೆ ಜೋಡಿಸಿಬಿಟ್ಟಿದ್ದೀನಿ!"

ಗಾಬರಿಯಲ್ಲಿ ಇಡ್ಲಿ ತಟ್ಟೆಯನ್ನು ಹಿಡಿದು ತಿರುಚಿದರು. ಅಲ್ಲಿಗೆ ಮುಗಿಯಿತು! ಒಂದು ಗೋಡೆಗೆ ಕಿವಿಯಾಗಿದ್ದ ಪೆಟ್ಟಿಗೆ ಇಡೀ ಜೈಲಿಗೇ ಕಿವಿಯಾಯಿತು. ಯಾರೋ ಯಾರಿಗೋ "ಥೂ!" ಎಂದರೆ, "ನಿನ್ನ ಜಡೆ ಎಷ್ಟು ಚೆಂದ ಕಣೇ!" ಎಂದು ಕೇಳಿಸಿತು. ಪ್ರಮೀಳಾ "ಸೈಲೆನ್ಸ್!" ಎಂದು ಗದರಿದರೆ, "ಮನೆಯಲ್ಲಿ ಮಗಳಿಗೆ ಜ್ವರ, ನನ್ನನ್ನು ಬೇಗ ಬಿಡಿ" ಎಂದಿತು.

ಮೇಡಂ ಮೇಜು ಕುಟ್ಟಿದರು. "ಏನಾದರೂ ಆಗಲಿ, ಆ ಸೊಸೆ ನಾಳೆ ಹೊರಡಲೇಬೇಕು!"

"ನನ್ನ ಅತ್ತೆಯೂ ಹೀಗೇ ಬೈಯುತ್ತಿದ್ದರು" ಎಂದವು ಧ್ವನಿವರ್ಧಕಗಳು. "ಅವರು ಹೋದ ಮೇಲೆ ಊಟ ಆಯಿತಾ ಎಂದು ನನ್ನನ್ನು ಕೇಳುವವರೇ ಇಲ್ಲ."

ಎಲ್ಲ ಕೋಣೆಗಳ ಸರಳಿಗೂ ಮುಖಗಳು ಅಂಟಿಕೊಂಡವು. ಮೇಡಂ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು.

ಆಗ ನಮ್ಮ ಮನೆಯವರು ತಲೆ ತಗ್ಗಿಸಿ ಮುಂದೆ ಬಂದರು. ಅಂಕಪಟ್ಟಿಯಲ್ಲಿ ತಾವೇ ಮಾಡಿದ ತಪ್ಪನ್ನೂ ಒಪ್ಪಿಕೊಳ್ಳದ ಪಾಲಿಟೆಕ್ನಿಕ್ ಮೇಷ್ಟ್ರು ಅವರು. "ಕ್ಷಮಿಸಿ ಮೇಡಂ. ಇದು ಕೆಟ್ಟ ಯಂತ್ರ. ಹೇಳಿದ್ದೆಲ್ಲ ಸುಳ್ಳು. ನನಗೆ ಇದರ ಗಂಧವೇ ಗೊತ್ತಿಲ್ಲ" ಎಂದರು.

"ನನ್ನ ಯಂತ್ರ ಅಪರಂಜಿ!" ಎಂದು ಅರಚಿತು ಪೆಟ್ಟಿಗೆ. "ಒಂದಕ್ಷರವೂ ತಪ್ಪಿಲ್ಲ! ನನ್ನಂಥ ಬುದ್ಧಿವಂತ ಈ ಜಿಲ್ಲೆಯಲ್ಲೇ ಇಲ್ಲ!"

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಕೇಳಿದ್ರಲ್ಲ, ಎಂಥ ಸುಳ್ಳುಬುರುಕ ಪೆಟ್ಟಿಗೆ! ಇದರ ಮಾತು ನಂಬಿ ಯಾರನ್ನಾದರೂ ಎಲ್ಲಿಗಾದರೂ ಕಳಿಸೋಕಾಗುತ್ತಾ?"

ಅವರ ಈ ಮಾತಿಗೂ ಪೆಟ್ಟಿಗೆ ಗುರ್ ಎನ್ನತೊಡಗಿತು. ನಮ್ಮ ಮನೆಯವರು ಓಡಿಹೋಗಿ ಅದರ ಮೇಲೆ ದಢಾರನೆ ಕೂತುಬಿಟ್ಟರು! ಪಟಪಟ ಸದ್ದು, ಕಿಡಿ, ಹೊಗೆ. ಹೊಗೆ ಬಂದದ್ದು ಪೆಟ್ಟಿಗೆಯೊಂದರಿಂದಲೇ ಅಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ಸೀಟುಗಳೆಲ್ಲ ಖಾಲಿಯಿದ್ದವು. ಅವರು ಕೂರುವ ಸ್ಥಿತಿಯಲ್ಲಿರಲಿಲ್ಲ. ನಾನೂ ಅವರ ಪಕ್ಕದಲ್ಲಿ ಕಂಬಿ ಹಿಡಿದು ನಿಂತೇ ಬಂದೆ.

ಅತ್ತೆ ಸೊಸೆ ಈಗಲೂ ಅಕ್ಕಪಕ್ಕದಲ್ಲೇ ಇದ್ದಾರೆ. ಸಂಜೆಯಾದರೆ ಅವರಷ್ಟೇ ಅಲ್ಲ, ಎಲ್ಲ ಕೋಣೆಯವರೂ ಒಬ್ಬರಿಗೊಬ್ಬರು ಮನಸಾರೆ ಬೈದುಕೊಳ್ಳುತ್ತಾರೆ. ಮೊನ್ನೆ ಮೇಡಂ ಸುತ್ತು ಬಂದಾಗ ಹೊಂಬಾಳಮ್ಮ ಸರಳಿನ ಸಂದಿಯಿಂದ ಅವರಿಗೇ, "ಏ ಮೂದೇವಿ, ಹೊಟ್ಟೆಗೆ ಮಣ್ಣು ತಿಂದ್ಯಾ?" ಎಂದಳಂತೆ. ಮೇಡಂ ನಿಂತು, ಆಚೀಚೆ ನೋಡಿ, "ಆಯ್ತು, ಉಪ್ಪಿಟ್ಟು" ಎಂದರಂತೆ.

ಜೈಲಿನಲ್ಲಿ ಗುಟ್ಟಿನ ಮಾತುಕತೆ ಪೂರ್ತಿ ನಿಂತಿದೆ ಎಂದು ಸರ್ಕಾರಕ್ಕೆ ವರದಿ ಹೋಗಿದೆ.